ಆಸ್ಪತ್ರೆಯ ಹೆಸರಾಗಿ ಉಳಿದ ರಫಿ ಅಹ್ಮದ್ ಕಿದ್ವಾಯಿ



ನಮ್ಮ ನೇಸರಗಿ, ಬೈಲಹೊಂಗಲ, ಸವದತ್ತಿ ಭಾಗದಲ್ಲಿ ಯಾರನ್ನಾದರೂ ಬೆಂಗಳೂರಿನ ಕಿದ್ವಾಯಿಗೆ ಒಯ್ದಿದ್ದಾರೆ ಎಂಬ ಸುದ್ದಿ ಬಂದರೆ ಕೇಳಿದವರ ಮುಖ ಬಾಡುತ್ತದೆ. ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಲು ಅಂಜುವವರು ಆಸ್ಪತ್ರೆಯ ಹೆಸರು ಹೇಳಿ ಸುಮ್ಮನಾಗುತ್ತಾರೆ. ಹೀಗಾಗಿ ಕಿದ್ವಾಯಿ ಎಂಬುದು ಕ್ಯಾನ್ಸರಿನ ಇನ್ನೊಂದು ಹೆಸರೇ ಆಗಿಬಿಟ್ಟಿದೆ. ಆದರೆ ಅದು ಒಬ್ಬ ಮನುಷ್ಯನ ಹೆಸರು, ಈ ದೇಶದ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡು, ಕೇಂದ್ರ ಮಂತ್ರಿಯಾಗಿ, ಕೊನೆಗೆ ಸಾಲ ಬಿಟ್ಟು ಹೋದ ಒಬ್ಬ ದೊಡ್ಡ ಮನುಷ್ಯನ ಹೆಸರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಈ ಲೇಖನದಲ್ಲಿ ನಿಮಗೆ ಎರಡು ಸಂಗತಿ ಹೇಳಬೇಕಾಗಿದೆ. ಒಂದು, ರಫಿ ಸಾಹೇಬರ ಬದುಕು. ಇನ್ನೊಂದು, ಅವರ ಹೆಸರಿನ ಆಸ್ಪತ್ರೆಯಲ್ಲಿ ದಿನವೂ ನಡೆಯುವ ವಿಕಿರಣ ಚಿಕಿತ್ಸೆ, ಅದರಲ್ಲೂ ತಲೆಗೆ ಕೊಡುವ ಚಿಕಿತ್ಸೆ, ಮೆದುಳಿನೊಳಗೆ ಏನು ಮಾಡುತ್ತದೆ ಎಂಬುದು. ಚಿಕಿತ್ಸೆ ಮುಗಿಸಿ ಊರಿಗೆ ಬಂದವರನ್ನು ನಾವು ಸರಿಯಾಗಿ ಅರ್ಥ ಮಾಡಿಕೊಳ್ಳದೆ ನೋಯಿಸುತ್ತಿದ್ದೇವೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

ಮಸೌಲಿಯಿಂದ ಅಲಿಗಢಕ್ಕೆ

ರಫಿ ಅಹ್ಮದ್ ಕಿದ್ವಾಯಿ ಹುಟ್ಟಿದ್ದು 1894ರ ಫೆಬ್ರವರಿ 18ರಂದು, ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿ ಎಂಬ ಹಳ್ಳಿಯಲ್ಲಿ. ತಂದೆ ಇಮ್ತಿಯಾಜ್ ಅಲಿ ಜಮೀನ್ದಾರ ಮನೆತನದವರು. ಎಳವೆಯಲ್ಲೇ ತಾಯಿ ತೀರಿಕೊಂಡಿದ್ದರಿಂದ ಹುಡುಗ ಬೆಳೆದದ್ದು ಬಾರಾಬಂಕಿಯಲ್ಲಿ ವಕೀಲರಾಗಿದ್ದ ಚಿಕ್ಕಪ್ಪ ವಿಲಾಯತ್ ಅಲಿಯವರ ಆಶ್ರಯದಲ್ಲಿ. ಆ ಮನೆಯಲ್ಲಿ ದೇಶದ ರಾಜಕೀಯದ ಮಾತು ದಿನವೂ ನಡೆಯುತ್ತಿತ್ತು.

ಬಾರಾಬಂಕಿಯ ಸರಕಾರಿ ಪ್ರೌಢಶಾಲೆ ಮುಗಿಸಿ ಅವರು ಅಲಿಗಢದ ಮೊಹಮ್ಮಡನ್ ಆಂಗ್ಲೋ ಓರಿಯಂಟಲ್ ಕಾಲೇಜು ಸೇರಿದರು. 1918ರಲ್ಲಿ ಬಿ.ಎ. ಆಯಿತು. ಕಾನೂನು ಓದಲು ಆರಂಭಿಸಿದರಾದರೂ ಮುಗಿಸಲಿಲ್ಲ. ಖಿಲಾಫತ್ ಮತ್ತು ಅಸಹಕಾರ ಚಳವಳಿಗಳ ಕರೆ ಬಂದಾಗ ಪುಸ್ತಕ ಬದಿಗಿಟ್ಟು ಬೀದಿಗಿಳಿದರು, ಸೆರೆಮನೆ ಸೇರಿದರು. ವಿದ್ಯಾರ್ಥಿಗಳೇ, ಓದು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅವರ ಕಾಲ ಅವರಿಂದ ಅದನ್ನು ಕೇಳಿತು, ನಮ್ಮ ಕಾಲ ನಿಮ್ಮಿಂದ ಓದನ್ನೇ ಕೇಳುತ್ತಿದೆ.

ಬಿಡುಗಡೆಯಾದ ಮೇಲೆ ಅಲಹಾಬಾದಿನ ಆನಂದ ಭವನಕ್ಕೆ ಹೋಗಿ ಮೋತಿಲಾಲ್ ನೆಹರೂ ಅವರ ಕಾರ್ಯದರ್ಶಿಯಾದರು. 1926ರಲ್ಲಿ ಕೇಂದ್ರ ಶಾಸನಸಭೆಗೆ ಆಯ್ಕೆಯಾಗಿ ಸ್ವರಾಜ್ ಪಕ್ಷದ ಮುಖ್ಯ ಸಚೇತಕರಾದರು. ರಫಿ ಸಾಹೇಬರು ಭಾಷಣಗಾರರಲ್ಲ. ಜನರನ್ನು ಗುರುತಿಸುವುದು, ಒಗ್ಗೂಡಿಸುವುದು, ಕೆಲಸ ಮಾಡಿಸುವುದು ಅವರ ಶಕ್ತಿಯಾಗಿತ್ತು. 1930ರಲ್ಲಿ ಕಾಂಗ್ರೆಸ್ ಕರೆಗೆ ಓಗೊಟ್ಟು ಸ್ಥಾನ ತ್ಯಜಿಸಿದರು. ರಾಯ್‌ಬರೇಲಿಯ ರೈತರ ಕರನಿರಾಕರಣೆಯಲ್ಲಿ ಮುಂದೆ ನಿಂತು ಮತ್ತೆ ಜೈಲಿಗೆ ಹೋದರು. 1937ರಲ್ಲಿ ಪ್ರಾಂತೀಯ ಸರಕಾರ ಬಂದಾಗ ಕಂದಾಯ ಮಂತ್ರಿಯಾಗಿ ಗೇಣಿದಾರರ ಹಕ್ಕಿನ ಕಾನೂನಿಗೆ ದುಡಿದರು. ಜಮೀನ್ದಾರರ ಮನೆಯಲ್ಲಿ ಹುಟ್ಟಿದವರು ಗೇಣಿದಾರರ ಪರ ನಿಂತರು ಎಂಬುದನ್ನು ಗಮನಿಸಿ.

1947ರ ಗಾಯ

ಸ್ವತಂತ್ರ ಭಾರತದ ಮೊದಲ ಮಂತ್ರಿಮಂಡಲದಲ್ಲಿ ಮೌಲಾನಾ ಆಜಾದರ ಜೊತೆ ರಫಿ ಸಾಹೇಬರೂ ಇದ್ದರು. ಅದೇ 1947ರಲ್ಲಿ ಅವರ ತಮ್ಮ ಶಫಿ ಅಹ್ಮದ್ ಕಿದ್ವಾಯಿಯವರನ್ನು ಮಸ್ಸೂರಿಯಲ್ಲಿ ಗಲಭೆಕೋರರು ಕೊಂದರು. ಶಫಿಯವರು ಅಲ್ಲಿನ ನಗರಸಭೆಯ ಆಡಳಿತ ನೋಡುತ್ತಿದ್ದರು, ಊರು ಬಿಟ್ಟು ಓಡಲಿಲ್ಲ. ಅವರ ಪತ್ನಿ ಅನೀಸ್ ಕಿದ್ವಾಯಿ ಆ ದುಃಖದಲ್ಲೇ ದಿಲ್ಲಿಯ ನಿರಾಶ್ರಿತರ ಶಿಬಿರಗಳಲ್ಲಿ ಸೇವೆಗಿಳಿದರು. ಒಡಹುಟ್ಟಿದವನನ್ನು ಕಳೆದುಕೊಂಡ ರಫಿ ಸಾಹೇಬರೂ ತಮ್ಮ ಕುರ್ಚಿಯ ಕೆಲಸ ನಿಲ್ಲಿಸಲಿಲ್ಲ, ಯಾರ ಮೇಲೂ ಹಗೆ ಸಾಧಿಸಲಿಲ್ಲ. ನೋವಾದ ಮೇಲೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ಎಲ್ಲಿ ನಿಲ್ಲಬೇಕು ಎಂದು ತಿಳಿದವರು ಬಹಳ ಕಡಿಮೆ.

ಸಂಪರ್ಕ ಖಾತೆ ಅವರ ಕೈಯಲ್ಲಿತ್ತು. 1948ರಲ್ಲಿ ನಮ್ಮ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಆರಂಭವಾದದ್ದು ಅವರ ಕಾಲದಲ್ಲೇ. 1949ರ ಜನವರಿಯಲ್ಲಿ ರಾತ್ರಿ ವಿಮಾನ ಅಂಚೆ ಶುರುವಾಯಿತು. ದಿಲ್ಲಿ, ಮುಂಬಯಿ, ಕಲಕತ್ತಾ, ಮದ್ರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಅಂಚೆ ಚೀಲಗಳನ್ನು ಬದಲಾಯಿಸಿಕೊಂಡು, ಬೆಳಗಾಗುವುದರೊಳಗೆ ತಮ್ಮ ತಮ್ಮ ಊರು ಮುಟ್ಟುತ್ತಿದ್ದವು.

ಕಂಟ್ರೋಲ್ ಕಾಲ

ನಮ್ಮ ಹಿರಿಯರು ಕಂಟ್ರೋಲ್ ಕಾಲ ಎಂದು ಹೇಳುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಬಂದ ಧಾನ್ಯ ನಿಯಂತ್ರಣ ಸ್ವಾತಂತ್ರ್ಯದ ನಂತರವೂ ಮುಂದುವರಿದಿತ್ತು. ಅಕ್ಕಿ, ಗೋದಿ, ಸಕ್ಕರೆ ಎಲ್ಲಕ್ಕೂ ಚೀಟಿ, ಎಲ್ಲಕ್ಕೂ ಸಾಲು. 1952ರಲ್ಲಿ ರಫಿ ಸಾಹೇಬರು ಆಹಾರ ಮತ್ತು ಕೃಷಿ ಮಂತ್ರಿಯಾದಾಗ ಈ ಖಾತೆ ಯಾರಿಗೂ ಬೇಡವಾದ ಖಾತೆಯಾಗಿತ್ತು.

ಅವರು ಸಮಸ್ಯೆಯನ್ನು ಬೇರೆ ರೀತಿ ಕಂಡರು. ಕೊರತೆ ಇದ್ದದ್ದು ನಿಜ. ಆದರೆ ಕೊರತೆಗಿಂತ ದೊಡ್ಡದು ಕೊರತೆಯ ಭಯ. ನಾಳೆ ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆಯಿಂದ ವ್ಯಾಪಾರಿ ಬಚ್ಚಿಡುತ್ತಾನೆ, ಮನೆಯವರು ಬೇಕಾದ್ದಕ್ಕಿಂತ ಹೆಚ್ಚು ಕೂಡಿಡುತ್ತಾರೆ. ಅದರಿಂದ ಕೊರತೆ ಇನ್ನೂ ಹೆಚ್ಚುತ್ತದೆ. ಅಪಾಯದಿಂದ ಕಾಪಾಡಲು ತಂದ ಏರ್ಪಾಡೇ ಅಪಾಯವನ್ನು ಬೆಳೆಸುತ್ತದೆ. ರಫಿ ಸಾಹೇಬರು ಸರಕಾರದ ಕೈಯಲ್ಲಿ ದಾಸ್ತಾನು ಇಟ್ಟುಕೊಂಡು, ಹಂತ ಹಂತವಾಗಿ ನಿಯಂತ್ರಣ ಸಡಿಲಿಸಿದರು. ಮಳೆ ಬೆಳೆಯೂ ಕೈ ಹಿಡಿಯಿತು. 1954ರ ಹೊತ್ತಿಗೆ ಧಾನ್ಯದ ಕಂಟ್ರೋಲ್ ಹೋಯಿತು. ಈ ಸಂಗತಿಯನ್ನು ನೆನಪಿಡಿ, ಮುಂದೆ ಮೆದುಳಿನ ಮಾತಿಗೆ ಬಂದಾಗ ಇದು ಬೇಕಾಗುತ್ತದೆ.

ಕೊನೆಯ ದಿನ

1954ರ ಅಕ್ಟೋಬರ್ 24ರಂದು ದಿಲ್ಲಿಯಲ್ಲಿ ಭಾಷಣ ಮಾಡುತ್ತಿದ್ದಾಗ ಅವರಿಗೆ ದಮ್ಮು ಏರಿತು. ಅದರ ಬೆನ್ನಿಗೇ ಹೃದಯ ಸೋತು ಕೊನೆಯುಸಿರೆಳೆದರು. ವಯಸ್ಸು ಬರೀ ಅರವತ್ತು. ಕೈಗೆ ಬಂದ ಹಣವನ್ನು ಕಷ್ಟದಲ್ಲಿದ್ದವರಿಗೆ ಕೊಟ್ಟುಬಿಡುವುದು ಅವರ ಸ್ವಭಾವ. ಹೀಗಾಗಿ ಬಿಟ್ಟು ಹೋದದ್ದು ಮಸೌಲಿಯ ಮನೆ ಮತ್ತು ಸಾಲ. ಒಬ್ಬನೇ ಮಗ ಏಳನೆಯ ವಯಸ್ಸಿನಲ್ಲೇ ತೀರಿಹೋಗಿದ್ದ. ಕೃಷಿ ಸಂಶೋಧನೆಗೆ ಅವರ ಹೆಸರಿನ ಪ್ರಶಸ್ತಿ 1956ರಲ್ಲಿ ಸ್ಥಾಪನೆಯಾಯಿತು.

ದಮ್ಮು ಎಂದರೆ ಉಸಿರಿನ ನಾಳಗಳ ಉರಿಯೂತ. ಧೂಳು ಮುಂತಾದವು ತಾಗಿದಾಗ ದೇಹ ತನ್ನನ್ನು ರಕ್ಷಿಸಿಕೊಳ್ಳಲು ಹೋಗಿ, ಮಿತಿ ಮೀರಿ, ತನ್ನ ನಾಳಗಳನ್ನೇ ಬಾವು ಬರಿಸಿಕೊಳ್ಳುತ್ತದೆ. ಇಂದು ಪ್ರತಿ ಔಷಧಿ ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಇನ್‌ಹೇಲರ್ ರಫಿ ಸಾಹೇಬರ ಕಾಲಕ್ಕೆ ಇರಲಿಲ್ಲ. ಆ ಔಷಧಿ ಜೀವಕೋಶದೊಳಗೆ ಹೋಗಿ ಉರಿಯೂತ ಹೆಚ್ಚಿಸುವ ವಂಶವಾಹಿಗಳನ್ನು, ಅಂದರೆ ಜೀನುಗಳನ್ನು, ಅದುಮಿ ಹಿಡಿಯುತ್ತದೆ. ವಿಕಿರಣ ಪಡೆದ ಮೆದುಳಿನಲ್ಲೂ ಇಂಥದೇ ಉರಿಯೂತ ಏಳುತ್ತದೆ, ಅಲ್ಲೂ ಇದೇ ಜಾತಿಯ ಔಷಧಿ ಕೊಡುತ್ತಾರೆ.

ಹೆಸರು ಬಂದ ಬಗೆ

ಬೆಂಗಳೂರಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಕೆಲಸಕ್ಕೆ ರಫಿ ಸಾಹೇಬರ ಖಾತೆಯಿಂದ ಒಂದು ಲಕ್ಷ ರೂಪಾಯಿ ನೆರವು ಬಂದಿತ್ತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಆ ಉಪಕಾರದ ನೆನಪಿಗೆ ಸಂಸ್ಥೆಗೆ ಅವರ ಹೆಸರಿಟ್ಟರು. 1973ರಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಉದ್ಘಾಟನೆಯಾಯಿತು, 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ನಮ್ಮ ಕಡೆಯವರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಳಗಾವಿ, ಮೀರಜ್ ಹತ್ತಿರವಾದರೂ ಸುಮಾರು 500 ಕಿಲೋಮೀಟರ್ ದೂರದ ಕಿದ್ವಾಯಿಗೆ ಹೋಗುವ ಬಡವರು ಇಂದಿಗೂ ಇದ್ದಾರೆ.

ತಲೆಗೆ ಕರೆಂಟ್ ಕೊಟ್ಟಾಗ

ವಿಕಿರಣ ಚಿಕಿತ್ಸೆಗೆ ನಮ್ಮ ಜನ ಕರೆಂಟ್ ಕೊಡುವುದು ಎನ್ನುತ್ತಾರೆ. ಅದು ವಿದ್ಯುತ್ತಲ್ಲ. ಎಕ್ಸ್‌ರೇ ತೆಗೆಯುವಾಗ ಬಳಸುವ ಕಿರಣಗಳೇ, ಆದರೆ ಬಹಳ ಶಕ್ತಿಯುಳ್ಳವು. ಸುಡುವ ಬಿಸಿಯೂ ಅಲ್ಲ. ಒಂದು ಸಲ ಕೊಡುವ ಪ್ರಮಾಣದಿಂದ ಮೆದುಳು ಒಂದು ಡಿಗ್ರಿಯ ಸಾವಿರದ ಒಂದು ಭಾಗದಷ್ಟೂ ಬಿಸಿಯಾಗುವುದಿಲ್ಲ. ಹೊರಗಿನ ಯಂತ್ರದಿಂದ ಕಿರಣ ಪಡೆದವರ ಮೈಯಲ್ಲಿ ವಿಕಿರಣ ಉಳಿಯುವುದೂ ಇಲ್ಲ. ಅವರ ತಟ್ಟೆ ಬೇರೆ ಇಡುವುದು, ಮಕ್ಕಳನ್ನು ಹತ್ತಿರ ಬಿಡದಿರುವುದು ಅಜ್ಞಾನ.

ವಿಕಿರಣವನ್ನು ಗ್ರೇ ಎಂಬ ಮಾನದಿಂದ ಅಳೆಯುತ್ತಾರೆ. ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಗೆ ಸಾಮಾನ್ಯವಾಗಿ 60 ಗ್ರೇಯನ್ನು 30 ಕಂತುಗಳಲ್ಲಿ, ಆರು ವಾರ ಕೊಡುತ್ತಾರೆ. ಬೇರೆ ಅಂಗದ ಕ್ಯಾನ್ಸರ್ ಮೆದುಳಿಗೆ ಹರಡಿದಾಗ ಇಡೀ ಮೆದುಳಿಗೆ 30 ಗ್ರೇ, 10 ಕಂತು ಕೊಡುವುದು ರೂಢಿ. ಒಂದು ಗ್ರೇ ತಾಗಿದ ಜೀವಕೋಶದ ಡಿಎನ್ಎ ಎಳೆಯಲ್ಲಿ ಸುಮಾರು ಸಾವಿರ ಕಡೆ ಒಂದು ಮಗ್ಗುಲು ಹರಿಯುತ್ತದೆ, ಮೂವತ್ತು ನಲವತ್ತು ಕಡೆ ಎರಡೂ ಮಗ್ಗುಲು ಹರಿಯುತ್ತದೆ. ಆರೋಗ್ಯವಂತ ಕೋಶ ಕಂತಿನ ನಡುವೆ ಬಹುಮಟ್ಟಿಗೆ ದುರಸ್ತಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ಕಂತು ಕಂತಾಗಿ ಕೊಡುವ ಗುಟ್ಟು ಇದು. ಆದ್ದರಿಂದ ಹಬ್ಬ, ಮದುವೆ ಎಂದು ನಡುವೆ ತಪ್ಪಿಸಬಾರದು.

ವಂಶವಾಹಿಗಳ ಕಂಟ್ರೋಲ್

ಈಗ ಮುಖ್ಯ ವಿಷಯ. ನಮ್ಮ ಪ್ರತಿ ಕೋಶದಲ್ಲೂ ಪ್ರೋಟೀನ್ ತಯಾರಿಸುವ ಸುಮಾರು 20,000 ವಂಶವಾಹಿಗಳಿವೆ. ಎಲ್ಲವೂ ಒಮ್ಮೆಲೇ ಕೆಲಸ ಮಾಡುವುದಿಲ್ಲ. ಯಾವುದು ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬ ಕಂಟ್ರೋಲ್ ಇದೆ. ಡಿಎನ್ಎ ಹರಿದ ಕೂಡಲೇ ಎಟಿಎಂ ಎಂಬ ಪ್ರೋಟೀನ್ ಅದನ್ನು ಪತ್ತೆ ಹಚ್ಚಿ ಪಿ53 ಎಂಬ ಇನ್ನೊಂದನ್ನು ಎಚ್ಚರಿಸುತ್ತದೆ. ಪಿ53 ಕೋಶದ ವಿಭಜನೆ ನಿಲ್ಲಿಸುವ, ದುರಸ್ತಿ ಮಾಡುವ ವಂಶವಾಹಿಗಳನ್ನು ತೆರೆಯುತ್ತದೆ. ಹಾನಿ ಹೆಚ್ಚಾಗಿದ್ದರೆ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಇದು ಒಳ್ಳೆಯ ಏರ್ಪಾಡು.

ಇದರ ಜೊತೆಗೇ ಎನ್ಎಫ್ ಕಪ್ಪ ಬಿ ಎಂಬ ಇನ್ನೊಂದು ಸ್ವಿಚ್ ಬೀಳುತ್ತದೆ. ಅದು ಟಿಎನ್ಎಫ್ ಆಲ್ಫಾ, ಇಂಟರ್‌ಲ್ಯೂಕಿನ್ 1, ಇಂಟರ್‌ಲ್ಯೂಕಿನ್ 6 ಎಂಬ ಉರಿಯೂತದ ಸಂದೇಶ ವಸ್ತುಗಳ ವಂಶವಾಹಿಗಳನ್ನು ತೆರೆಯುತ್ತದೆ. ಈ ಸಂದೇಶ ನೆರೆಯ ಕೋಶಕ್ಕೆ ತಲುಪಿ, ಅಲ್ಲಿಯೂ ಅದೇ ಸ್ವಿಚ್ ಹಾಕುತ್ತದೆ. ಮೆದುಳಿನ ಕಾವಲುಗಾರರಾದ ಮೈಕ್ರೋಗ್ಲಿಯಾ ಕೋಶಗಳು ಎಚ್ಚೆತ್ತು ಇನ್ನಷ್ಟು ಸಂದೇಶ ಹೊರಡಿಸುತ್ತವೆ. ರಕ್ತನಾಳದ ಗೋಡೆ ಸಡಿಲವಾಗಿ ನೀರು ಜಿನುಗಿ ಬಾವು ಬರುತ್ತದೆ. ಕಂಟ್ರೋಲ್ ಕಾಲದ ಸಂತೆಯನ್ನು ನೆನಪಿಸಿಕೊಳ್ಳಿ. ಒಬ್ಬನ ಭಯ ಇನ್ನೊಬ್ಬನಿಗೆ ಹರಡಿ, ಕಾಪಾಡಲು ಬಂದದ್ದೇ ಕಾಡುವಂತಾಗುತ್ತದೆ.

ಇನ್ನೊಂದು ಮಾತು. ಡಿಎನ್ಎ ಮೇಲೆ ಮೀಥೈಲ್ ಎಂಬ ಸಣ್ಣ ಗುರುತುಗಳಿರುತ್ತವೆ. ಡಿಎನ್ಎ ಎಳೆ ಹಿಸ್ಟೋನ್ ಎಂಬ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಮೈಕ್ರೋಆರ್‌ಎನ್ಎ ಎಂಬ ಚಿಕ್ಕ ತುಣುಕುಗಳು ವಂಶವಾಹಿಯ ಆದೇಶವನ್ನು ದಾರಿಯಲ್ಲೇ ತಡೆಯಬಲ್ಲವು. ವಿಕಿರಣದ ನಂತರ ಈ ಮೂರರಲ್ಲೂ ಬದಲಾವಣೆ ಆಗುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ವಂಶವಾಹಿಯ ಬರಹ ಬದಲಾಗದಿದ್ದರೂ ಅದನ್ನು ಓದುವ ರೀತಿ ಬದಲಾಗುತ್ತದೆ. ಕಿರಣ ನಿಂತು ತಿಂಗಳು, ವರ್ಷಗಳಾದ ಮೇಲೂ ಪರಿಣಾಮ ಕಾಣಿಸಿಕೊಳ್ಳಲು ಇದೂ ಒಂದು ಕಾರಣವಿರಬಹುದು ಎಂಬ ಅಭಿಪ್ರಾಯವಿದೆ.

ನೆನಪಿನ ಬಾಗಿಲಾದ ಹಿಪ್ಪೋಕ್ಯಾಂಪಸ್ ಎಂಬ ಭಾಗಕ್ಕೆ ಈ ಉರಿಯೂತ ಬಹಳ ತಟ್ಟುತ್ತದೆ. ಅಮೆರಿಕದ ಮಿಷೆಲ್ ಮಾಂಜೆ ಮತ್ತು ಸಂಗಡಿಗರು 2002ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ವಿಕಿರಣದ ನಂತರ ಅಲ್ಲಿ ಹೊಸ ನರಕೋಶ ಹುಟ್ಟುವುದು ನಿಲ್ಲುವುದನ್ನೂ, ಸುತ್ತಲಿನ ಉರಿಯೂತಕ್ಕೂ ಅದಕ್ಕೂ ನಂಟಿರುವುದನ್ನೂ ಕಂಡರು. 2003ರಲ್ಲಿ ಇಂಡೋಮೆಥಸಿನ್ ಎಂಬ ಉರಿಯೂತದ ಮಾತ್ರೆ ಕೊಟ್ಟಾಗ ಹೊಸ ಕೋಶಗಳ ಹುಟ್ಟು ಸ್ವಲ್ಪ ಮಟ್ಟಿಗೆ ಮರಳಿತು. ಇದು ಇಲಿಗಳ ಮಾತು, ಮನುಷ್ಯರಿಗೆ ಅದೇ ಔಷಧಿ ಎಂದು ಯಾರೂ ತಿಳಿಯಬಾರದು.

ಮನುಷ್ಯರಿಗೂ ದಾರಿಗಳು ತೆರೆದಿವೆ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬಾವು ಇಳಿಸುತ್ತದೆ. ಇಡೀ ಮೆದುಳಿಗೆ ಕಿರಣ ಕೊಡುವಾಗ ಹಿಪ್ಪೋಕ್ಯಾಂಪಸ್ ಭಾಗಕ್ಕೆ ಕಡಿಮೆ ತಾಗುವಂತೆ ಯೋಜಿಸಿ, ಜೊತೆಗೆ ಮೆಮಾಂಟಿನ್ ಮಾತ್ರೆ ಕೊಡುವ ವಿಧಾನವನ್ನು 518 ರೋಗಿಗಳಲ್ಲಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಯುಷ್ಯದಲ್ಲಿ ವ್ಯತ್ಯಾಸವಾಗಲಿಲ್ಲ, ಆದರೆ ನೆನಪು ಮತ್ತು ಬುದ್ಧಿಶಕ್ತಿ ಹೆಚ್ಚು ಜನರಲ್ಲಿ ಉಳಿಯಿತು. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ. ಗಡ್ಡೆ ಆ ಭಾಗದ ಹತ್ತಿರವೇ ಇದ್ದರೆ ಬಿಟ್ಟು ಕೊಡಲಾಗದು. ಆದರೂ ವೈದ್ಯರನ್ನು ವಿನಯದಿಂದ ಕೇಳಬಹುದು.

ಮನೆಯವರೂ ಶಿಕ್ಷಕರೂ ತಿಳಿಯಬೇಕಾದದ್ದು

ಚಿಕಿತ್ಸೆಯ ದಿನಗಳಲ್ಲಿ ದಣಿವು, ತಲೆನೋವು, ವಾಕರಿಕೆ ಬರುತ್ತವೆ. ಮುಗಿದು ಒಂದರಿಂದ ಆರು ತಿಂಗಳೊಳಗೆ ಕೆಲವರಿಗೆ ವಿಪರೀತ ನಿದ್ದೆ, ಮಂಕು ಕವಿಯುತ್ತದೆ. ಇದು ಹೆಚ್ಚಾಗಿ ತಾನೇ ಇಳಿಯುತ್ತದೆ. ಆರು ತಿಂಗಳ ನಂತರ ಕೆಲವರಲ್ಲಿ ಮರೆವು, ನಿಧಾನ ಕಾಣಿಸಿಕೊಂಡು ಉಳಿದುಬಿಡಬಹುದು. ಇದನ್ನು ಸೋಮಾರಿತನ ಎಂದು ಬಯ್ಯಬೇಡಿ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತ ದಿನ ಕಳೆಯಬೇಡಿ. ಹೊಸದಾಗಿ ತಲೆನೋವು, ವಾಂತಿ, ಫಿಟ್ಸ್, ಕೈಕಾಲಿನ ಸೋಲು ಬಂದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಗಡ್ಡೆ ಮರುಕಳಿಸಿರಬಹುದು, ಇಲ್ಲವೇ ವಿಕಿರಣದಿಂದ ಅಂಗಾಂಶ ಸತ್ತಿರಬಹುದು. ಎರಡರ ಚಿಕಿತ್ಸೆ ಬೇರೆ ಬೇರೆ. ಡೆಕ್ಸಾಮೆಥಸೋನ್ ಮಾತ್ರೆಯನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಅದು ಸಕ್ಕರೆ ಏರಿಸುವುದರಿಂದ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ರಮಜಾನಿನಲ್ಲಿ ರೋಜಾ ಇಡುವ ಆಸೆಯಿಂದ ಮಾತ್ರೆ ಬಿಡುವವರಿದ್ದಾರೆ. ಕಾಯಿಲೆಯವರಿಗೆ ದೀನಿನಲ್ಲಿ ರಿಯಾಯಿತಿ ಇದೆ ಎಂಬುದನ್ನು ಹಿರಿಯರು ಅವರಿಗೆ ತಿಳಿಸಿ ಹೇಳಬೇಕು.

ನಮ್ಮ ಸಂಸ್ಥೆ ವಿದ್ಯೆಯ ಸಂಸ್ಥೆ. ಆದ್ದರಿಂದ ಶಿಕ್ಷಕರಿಗೆ ವಿಶೇಷ ವಿನಂತಿ. ಮೆಡುಲ್ಲೋಬ್ಲಾಸ್ಟೋಮಾದಂಥ ಗಡ್ಡೆಗೆ ತಲೆಗೆ ವಿಕಿರಣ ಪಡೆದ ಮಕ್ಕಳು ಗುಣವಾಗಿ ಶಾಲೆಗೆ ಮರಳುತ್ತಾರೆ. ಬೆಳೆಯುವ ಮೆದುಳು ಬಹಳ ನಾಜೂಕು, ಅದಕ್ಕೇ ಮೂರು ವರ್ಷದೊಳಗಿನ ಕೂಸುಗಳಿಗೆ ಸಾಧ್ಯವಾದಷ್ಟೂ ವಿಕಿರಣ ಕೊಡುವುದಿಲ್ಲ. ಮರಳಿದ ಮಗು ಮೊದಲಿನಂತೆ ಬೇಗ ಬರೆಯಲಾರದು, ಮಗ್ಗಿ ಮರೆಯಬಹುದು. ಆ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಿ, ಪಾಠವನ್ನು ಸಣ್ಣ ಸಣ್ಣ ತುಂಡು ಮಾಡಿ ಕಲಿಸಿ, ಮುಂದಿನ ಬೆಂಚಿನಲ್ಲಿ ಕೂಡಿಸಿ. ದಡ್ಡ ಎಂಬ ಒಂದು ಮಾತು ಆ ಮಗುವಿನ ಓದನ್ನೇ ಮುಗಿಸಿಬಿಡುತ್ತದೆ.

ಓದುಗ ಬಂಧುಗಳೇ, ರಫಿ ಸಾಹೇಬರು ವೈದ್ಯರಲ್ಲ, ವಿಜ್ಞಾನಿಯೂ ಅಲ್ಲ. ಯಾರ ಕಾಯಿಲೆ, ಯಾವ ಊರು, ಯಾವ ಜಾತಿ ಎಂದು ಕೇಳದೆ ನೆರವಾದವರು. ಅವರ ಹೆಸರಿನ ಬಾಗಿಲಿಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಇನ್ನು ಮುಂದೆ ಕಿದ್ವಾಯಿ ಎಂಬ ಮಾತು ಕಿವಿಗೆ ಬಿದ್ದರೆ ಹೆದರಬೇಡಿ, ಆ ಮನುಷ್ಯನನ್ನು ನೆನೆಯಿರಿ. ಅಲ್ಲಿಂದ ಮರಳಿದವರು ನಿಮ್ಮ ಓಣಿಯಲ್ಲಿದ್ದರೆ ಇಂದು ಸಂಜೆಯೇ ಹೋಗಿ ಮಾತಾಡಿಸಿ. ಅವರು ಉತ್ತರ ಕೊಡಲು ತಡ ಮಾಡಿದರೆ ಸ್ವಲ್ಪ ಕಾಯಿರಿ. ವಿದ್ಯಾರ್ಥಿಗಳೇ, ಆ ಮರೆವಿಗೆ ಪೂರ್ಣ ಮದ್ದು ಇನ್ನೂ ಸಿಕ್ಕಿಲ್ಲ. ಹುಡುಕುವವರಲ್ಲಿ ನಮ್ಮ ನೇಸರಗಿಯ ಒಬ್ಬ ಹುಡುಗಿಯೋ ಹುಡುಗನೋ ಇರಲಿ ಎಂಬುದೇ ನಮ್ಮ ದುವಾ.